ಸಮುದ್ರದಾಚೆಯ ವಾರಂಟಿ

ಮೂಡಲಗಿ ಬಸ್ಸಿನಿಂದ ಇಳಿದು ಬಂದ ಹಿರಿಯ ಹೆಂಗಸು, ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದ ಗಂಟನ್ನು ನನ್ನ ಮೇಜಿನ ಮೇಲೆ ಇಳಿಸಿ, ಅಂಗಡಿಯ ಒಳಗೆಲ್ಲ ಕಣ್ಣಾಡಿಸಿದರು.

"ರಿಪೇರಿ ಮಾಡೋರು ಎಲ್ಲಿ ಹೋಗ್ಯಾರ್ರಿ?"

"ನಾನ ರಿಪೇರಿ ಮಾಡಾಕಿರಿ. ಕುಂದರ್ರಿ," ಎಂದೆ.

ಗೋಕಾಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ ಈ ಪ್ರಶ್ನೆ ನನಗೆ ರೂಢಿಯಾಗಿತ್ತು. ಎರಡು ಸಾವಿರನೆಯ ಇಸವಿ ಆಗಷ್ಟೇ ದಾಟಿತ್ತು. ಕೆಟ್ಟ ಫ್ಲಾಪಿ ಡ್ರೈವ್, ಸುಟ್ಟ ಪವರ್ ಸಪ್ಲೈ, ಇಲಿ ಕಡಿದ ಕೇಬಲ್, ಇವೇ ನನ್ನ ದಿನದ ಕೆಲಸ. ಆಕೆ ಗಂಟು ಬಿಚ್ಚಿದಾಗ ಹೊರಬಂದದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಕೀಬೋರ್ಡಿಗಿಂತ ತುಸು ಅಗಲದ, ಚಪ್ಪಟೆಯಾದ ಬೂದು ಪೆಟ್ಟಿಗೆ. ಅದರ ಮುಂಭಾಗದಲ್ಲಿ ಉದ್ದಕ್ಕೆ ಒಂದು ಸಾಲು ಸಣ್ಣ ಖಾನೆಗಳು. ಒಂದೊಂದು ಖಾನೆಯಲ್ಲೂ ಸಾಸಿವೆ ಕಾಳಿಗಿಂತ ಸಣ್ಣ ಎಂಟು ತೂತುಗಳು.

"ಇದು ನಮ್ಮ ಮನಿಯವರದ್ರಿ, ಮಾಸ್ತರದು," ಎಂದರು ಆಕೆ. "ಅವ್ರಿಗಿ ಕಣ್ಣು ಹೋಗಿ ಭಾಳ ವರ್ಷ ಆತು. ಈಗ ಕಿವೀನೂ ಹೋಗ್ಯಾವು. ನಾ ಕಂಪ್ಯೂಟರದಾಗ ಬರೀತೇನಿ, ಇದರ ಮ್ಯಾಲ ಚುಕ್ಕಿ ಏಳತಾವ, ಅವರು ಬೆರಳಿಲೇ ಓದತಾರ. ಈಗ ಓದಾಕ ಬರವಲ್ದಂತ."

ಯಂತ್ರ ಕೊಟ್ಟದ್ದು ಮಾಸ್ತರರ ಹಳೆಯ ವಿದ್ಯಾರ್ಥಿ. ಮಸಗುಪ್ಪಿಯ ರೈತರ ಮಗ, ಸರಕು ಸಾಗಿಸುವ ಹಡಗಿನಲ್ಲಿ ಇಂಜಿನಿಯರ್. ಯುರೋಪಿನ ಒಂದು ಬಂದರಿನಲ್ಲಿ ಹಡಗು ನಿಂತಾಗ, ಕುರುಡರ ಸಲಕರಣೆ ಮಾರುವ ಅಂಗಡಿಗೆ ಹೋಗಿ ಕೊಂಡು ತಂದಿದ್ದ. ಒಂದು ಹಳೆಯ ಕಂಪ್ಯೂಟರಿಗೆ ಅದನ್ನು ಜೋಡಿಸಿ, ಕನ್ನಡದ ಅಕ್ಷರ ಒತ್ತಿದರೆ ಅದಕ್ಕೆ ಸರಿಯಾದ ಬ್ರೈಲ್ ಚುಕ್ಕಿಗಳು ಏಳುವಂತೆ ಸಣ್ಣ ಪ್ರೋಗ್ರಾಂ ಬರೆದುಕೊಟ್ಟು ಹೋಗಿದ್ದ. ಈಗ ಅವನು ಯಾವ ಸಮುದ್ರದಲ್ಲಿದ್ದಾನೋ ಮನೆಯವರಿಗೂ ಗೊತ್ತಿರಲಿಲ್ಲ.

ನಾನು ಯಂತ್ರವನ್ನು ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಅಡಾಪ್ಟರಿನ ವೋಲ್ಟೇಜ್ ಅಳೆದೆ, ಸರಿ ಇತ್ತು. ಸೀರಿಯಲ್ ಕೇಬಲ್ ಬದಲಿಸಿ ನೋಡಿದೆ. ಗಂಟಿನಲ್ಲಿದ್ದ ಪುಸ್ತಿಕೆಯಲ್ಲಿ ಹೇಳಿದಂತೆ ಎರಡು ಗುಂಡಿಗಳನ್ನು ಒತ್ತಿ ಹಿಡಿದು ಸ್ವಿಚ್ ಹಾಕಿದರೆ ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಹಾಗೆ ಮಾಡಿದೆ. ಸರ್‍ರೆಂಬ ಸಣ್ಣ ಸದ್ದಿನೊಂದಿಗೆ ಎಡದಿಂದ ಬಲಕ್ಕೆ ಅಷ್ಟೂ ಚುಕ್ಕಿಗಳು ಎದ್ದು ನಿಂತವು. ಗಾಳಿಗೆ ಬಾಗಿದ ಗೋಧಿಯ ಹೊಲ ಮತ್ತೆ ನೆಟ್ಟಗಾದಂತೆ. ನಾನು ಮೂರು ಸಲ ಅದನ್ನೇ ಮಾಡಿಸಿ ನೋಡಿದೆ. ಪರೀಕ್ಷೆಗೆ ಒಂದು ಸಲ ಸಾಕಿತ್ತು. ಉಳಿದೆರಡು ಸಲ ಬರೀ ನೋಡುವ ಆಸೆಗೆ.

"ಎಲ್ಲಾ ಸರಿ ಐತ್ರಿ ಅವ್ವಾರ. ಚುಕ್ಕಿ ಏಳಾಕತ್ತಾವ."

ಆಕೆ ಮುಖ ಸಣ್ಣದು ಮಾಡಿದರು. "ನೀವು ಏಳಾಕತ್ತಾವ ಅಂತೀರಿ. ಅವರು ಇಲ್ಲಂತಾರ. ಓದೋರು ಅವರಲ್ಲೇನ್ರಿ?"

ಮರುದಿನ ಅಂಗಡಿ ಮುಚ್ಚಿ ಯಂತ್ರದೊಂದಿಗೆ ನಾನೇ ಮೂಡಲಗಿಗೆ ಹೋದೆ.

ಮಾಸ್ತರರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಂಡತಿ ಅವರ ಅಂಗೈ ಹಿಡಿದು ಬೆರಳಿನಿಂದ ಎರಡೇ ಅಕ್ಷರ ಬರೆದರು. "ಬರ್ರಿ, ಬರ್ರಿ," ಎಂದರು ಮಾಸ್ತರರು, ಬಾಗಿಲಿನ ಕಡೆ ಮುಖ ತಿರುಗಿಸಿ. ಕಿವಿ ಹೋದದ್ದು ಇತ್ತೀಚೆಗಾದ್ದರಿಂದ ಮಾತು ಸ್ಪಷ್ಟವಾಗಿತ್ತು. ಕಡೆಯ ಬೆಂಚಿಗೂ ಮುಟ್ಟುವಂಥ ಸಾಲಿ ಮಾಸ್ತರರ ದನಿ.

ನಾನು ಯಂತ್ರ ಜೋಡಿಸಿದ ಮೇಲೆ ಅವ್ವಾರು ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದರು. ಮಾಸ್ತರರ ಬೆರಳು ಎಡ ತುದಿಯಲ್ಲಿ ಇಳಿದು ಸರಿಯತೊಡಗಿತು. ಅರ್ಧದವರೆಗೆ ಓಡಿದ ಬೆರಳು ಅಲ್ಲಿಂದ ಮುಂದೆ ತಡವರಿಸಿ ನಿಂತುಬಿಟ್ಟಿತು.

"ಇಲ್ಲಿಂದ ಮುಂದ ಮೆತ್ತಗಾಗೇತಿ," ಎಂದರು. "ಚುಕ್ಕಿ ಇಲ್ಲಂತಲ್ಲ. ಐತಿ. ಬೆರಳು ಇಟ್ಟ ಕೂಡ್ಲೇ ಕೆಳಗ ಕೂಡತೈತಿ. ಹೋದ ವಾರ ಬಲಗಡಿ ತುದಿ ಅಷ್ಟ ಹಂಗಿತ್ತು. ಈಗ ಅರ್ಧಕ್ಕ ಬಂದೈತಿ."

ನಾನೂ ಬೆರಳಿಟ್ಟು ನೋಡಿದೆ. ಏನೂ ತಿಳಿಯಲಿಲ್ಲ. ಕಣ್ಣು ಮುಚ್ಚಿ ಮತ್ತೆ ಎಡದಿಂದ ಬಲಕ್ಕೆ ಸವರಿದೆ. ಆಗ ಗೊತ್ತಾಯಿತು. ಎಡಗಡೆ ಮರಳಿನ ಹಾಗೆ ಗರಗರ, ಬಲಗಡೆ ನೆನೆದ ರವೆಯ ಹಾಗೆ. ಕಣ್ಣಿಗೆ ಎರಡೂ ಒಂದೇ. ಅಂಗಡಿಯಲ್ಲಿ ನಾನು ನೋಡಿದ್ದೆನೇ ಹೊರತು ಮುಟ್ಟಿರಲಿಲ್ಲ.

ದೋಷ ಕೇಬಲಿನಲ್ಲೂ ಇಲ್ಲ, ಪ್ರೋಗ್ರಾಮಿನಲ್ಲೂ ಇಲ್ಲ. ಪೆಟ್ಟಿಗೆಯ ಒಳಗೇ ಇತ್ತು. ಬಿಚ್ಚಬೇಕೆಂದರೆ ಅಡಿಯಲ್ಲಿ ಒಂದು ಸ್ಕ್ರೂವಿನ ಮೇಲೆ ಬೆಳ್ಳಿಯ ಬಣ್ಣದ ಸೀಲು ಅಂಟಿಸಿದ್ದರು. ಇದನ್ನು ಹರಿದರೆ ವಾರಂಟಿ ರದ್ದು ಎಂದು ಅದರ ಮೇಲೆ ನಾಲ್ಕು ಭಾಷೆಗಳಲ್ಲಿ ಬರೆದಿತ್ತು.

ಮೊದಲು ವಾರಂಟಿ ನೋಡೋಣವೆಂದು ಯಂತ್ರದೊಂದಿಗೆ ಬಂದ ಕಾಗದ ಬಿಡಿಸಿ ಓದಿದೆ. ಅವಧಿ ಇನ್ನೂ ಮುಗಿದಿರಲಿಲ್ಲ. ಖುಷಿಯಾಯಿತು. ಮುಂದಿನ ಸಾಲು ಓದಿದಾಗ ಖುಷಿ ಇಳಿಯಿತು. ಈ ವಾರಂಟಿ ಕೊಂಡ ದೇಶದೊಳಗೆ ಮಾತ್ರ ನಡೆಯುತ್ತದೆ. ಕೊಂಡವರೇ ರಸೀದಿಯೊಂದಿಗೆ ಅಂಗಡಿಗೆ ತಂದುಕೊಡಬೇಕು. ಕೊಂಡವನು ಹಡಗಿನಲ್ಲಿ, ಯಂತ್ರ ಮೂಡಲಗಿಯಲ್ಲಿ, ಅಂಗಡಿ ಸಮುದ್ರದ ಆಚೆ.

ನನ್ನ ಅಂಗಡಿಯಲ್ಲಿ ಟೆಲಿಫೋನ್ ಲೈನಿನ ಮೇಲೆ ನಡೆಯುವ ಇಂಟರ್ನೆಟ್ ಇತ್ತು. ಯಂತ್ರ ಮಾರಿದ ಅಂಗಡಿಯವರಿಗೆ ಇ-ಮೇಲ್ ಬರೆದೆ. ದೇಶದ ಹೊರಗೆ ಒಯ್ದ ಮಾಲಿಗೆ ತಮ್ಮ ಹೊಣೆ ಇಲ್ಲ, ತಯಾರಿಸಿದ ಕಂಪನಿಯನ್ನು ಕೇಳಿ ಎಂದು ಉತ್ತರ ಬಂತು. ಕಂಪನಿಗೆ ಬರೆದೆ. ಅದು ಬೇರೆಯೇ ದೇಶದಲ್ಲಿತ್ತು. ವಾರಂಟಿ ಕೊಡುವುದು ಮಾರಿದ ಅಂಗಡಿ, ಅವರನ್ನೇ ಕೇಳಿ ಎಂದರು. ಮುಂಬಯಿಯಲ್ಲಿ ತಮ್ಮ ಏಜೆಂಟರಿದ್ದಾರೆಂದು ಒಂದು ನಂಬರನ್ನೂ ಕೊಟ್ಟರು. ಮುಂಬಯಿಗೆ ಫೋನ್ ಹಚ್ಚಿದರೆ ಆ ಮನುಷ್ಯ ಸೀರಿಯಲ್ ನಂಬರ್ ಕೇಳಿ, "ಇದು ನಾವು ಮಾರಿದ ಮಾಲಲ್ಲ. ಮುಟ್ಟಾಂಗಿಲ್ಲ," ಎಂದು ಮರಾಠಿಯಲ್ಲಿ ಹೇಳಿ ಫೋನ್ ಇಟ್ಟುಬಿಟ್ಟ.

ಯಂತ್ರವನ್ನೇ ಪಾರ್ಸಲ್ ಮಾಡಿ ಕಳಿಸಿದರೆ? ಬೆಳಗಾವಿಯ ಕೊರಿಯರ್ ಆಫೀಸಿನವರು ಅದರ ದಾರಿಯನ್ನು ಬಿಡಿಸಿ ಹೇಳಿದರು. ರಿಪೇರಿಗೆಂದು ದೇಶದ ಹೊರಗೆ ಹೋಗುವ ಮಾಲಿನ ನಂಬರನ್ನು ಮೊದಲು ಕಸ್ಟಮ್ಸಿನವರಿಂದ ನಮೂದು ಮಾಡಿಸಬೇಕು. ಇಲ್ಲವಾದರೆ ತಿರುಗಿ ಬರುವಾಗ ಹೊಸ ಮಾಲು ತರಿಸಿದಂತೆ ಸುಂಕ ಬೀಳುತ್ತದೆ. ಎಲ್ಲ ಸರಿಯಾಗಿ ನಡೆದರೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ಮಾಸ್ತರರಿಗೆ ಅಂಗೈ ಮೇಲಿನ ಅಕ್ಷರಗಳಷ್ಟೇ ಗತಿ. ಊಟ. ನೀರು. ಡಾಕ್ಟರ್. ಯಾರೋ ಬಂದರು.

ಅಷ್ಟರಲ್ಲಿ ಮಳೆ ಹಿಡಿಯಿತು. ಅವ್ವಾರು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರು. "ತಂಗೀ, ಈಗ ಪೂರ್ತಿ ಸಾಲು ಮೆತ್ತಗಾಗೇತಿ. ಅವರು ಮುಟ್ಟೂದನ್ನ ಬಿಟ್ಟಾರ."

ಇನ್ನು ಬಿಚ್ಚಿಯೇ ಬಿಡೋಣವೆಂದು ಯಂತ್ರ ತರಿಸಿಕೊಂಡೆ. ಆದರೆ ಸ್ಕ್ರೂಗಳ ತಲೆ ಆರು ಮೂಲೆಯ ನಕ್ಷತ್ರದಂತಿತ್ತು. ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ಗೋಕಾಕದಲ್ಲಿ ಸಿಗಲಿಲ್ಲ. ಹುಕ್ಕೇರಿಯಲ್ಲಿ ಟಿ.ವಿ. ರಿಪೇರಿ ಮಾಡುವ ಒಬ್ಬ ಜೈನ ಕಾಕಾ ಇದ್ದರು. ಅವರ ಬಳಿ ಇಂಥ ಹತಾರಗಳು ಇರುತ್ತವೆಂದು ಕೇಳಿ ಬಸ್ಸು ಹತ್ತಿದೆ.

ಕಾಕಾ ಕನ್ನಡಕ ಹಣೆಗೇರಿಸಿ ಯಂತ್ರವನ್ನು ತಿರುಗಿಸಿ ನೋಡಿದರು. ನಕ್ಷತ್ರದ ಸ್ಕ್ರೂಡ್ರೈವರ್ ತೆಗೆದು ತುದಿಯನ್ನು ಸೀಲಿನ ಮೇಲಿಟ್ಟರು.

"ಹರೀಲಿ?"

"ಒಂದ ನಿಮಿಷ ತಡೀರಿ ಕಾಕಾ."

"ಯಾಕ? ವಾರಂಟಿ ಅಂತೂ ಸಿಗಾಂಗಿಲ್ಲ ಅಂದಿ. ಸಿಗಲಾರದ್ದು ಹೋದ್ರೇನ ಇದ್ರೇನ?"

ಖರೆ ಮಾತು. ಆದರೂ ನನ್ನ ಕೈ ಸೀಲಿನ ಮೇಲೆ ಅಡ್ಡ ಹೋಗಿತ್ತು. ಒಳಗೆ ಏನಿದೆಯೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಚುಕ್ಕಿಗಳು ಏಳಲು ಇನ್ನೂರು ವೋಲ್ಟಿನಷ್ಟು ಬೇಕೆಂದು ಮಾತ್ರ ಪುಸ್ತಿಕೆಯಲ್ಲಿ ಓದಿದ್ದೆ. ತಪ್ಪು ಕಡೆ ಕೈ ಹಾಕಿ ಒಂದು ಖಾನೆ ಮುರಿದರೆ ಅದನ್ನು ಕೊಡುವವರು ಈ ದೇಶದಲ್ಲಿ ಯಾರೂ ಇಲ್ಲ. ಯಂತ್ರ ಮಾಸ್ತರರದು. ಪ್ರಯೋಗ ಮಾಡಲು ನನಗೇನು ಹಕ್ಕು?

ಕಾಕಾ ನಕ್ಕರು. ಸ್ಕ್ರೂಡ್ರೈವರನ್ನು ಒರೆಸಿ ನನ್ನ ಚೀಲದಲ್ಲಿಟ್ಟರು. "ತಗೊಂಡ ಹೋಗವಾ. ನಿನ್ನ ಮನಸ ಯಾವಾಗ ಒಪ್ಪತೈತಿ ಆವಾಗ ತಗದ ನೋಡು. ಕೆಲಸ ಮುಗದ ಮ್ಯಾಲ ತಿರುಗಿ ಕೊಡಾಕ ಮಾತ್ರ ಮರೀಬ್ಯಾಡ."

ಗೋಕಾಕದ ಬಸ್ಸು ತಪ್ಪಿತ್ತು. ಹತ್ತರಗಿಗೆ ಬಂದು ಹೈವೇ ಬದಿಯ ಚಹಾದಂಗಡಿಯಲ್ಲಿ ಇನ್ನೊಂದು ಬಸ್ಸಿಗೆ ಕಾದು ಕೂತೆ. ಯಂತ್ರ ತೊಡೆಯ ಮೇಲಿತ್ತು. ಇಷ್ಟು ದಿನ ನಾನು ಎಲ್ಲರಿಗೂ ಒಂದನ್ನೇ ಕೇಳಿದ್ದೆ: ವಾರಂಟಿ ಇದೆಯೋ ಇಲ್ಲವೋ. ಇಲ್ಲ ಎನ್ನುವುದು ಎಲ್ಲರಿಗೂ ಸುಲಭವಾಗಿತ್ತು. ಯಂತ್ರಕ್ಕೆ ಏನಾಗಿದೆ ಎಂದು ಅವರೂ ಕೇಳಿರಲಿಲ್ಲ, ನಾನೂ ಸರಿಯಾಗಿ ಬರೆದಿರಲಿಲ್ಲ. 'ಕೆಲಸ ಮಾಡುತ್ತಿಲ್ಲ' ಎಂದಷ್ಟೇ ಬರೆದಿದ್ದೆ. ಮಾಸ್ತರರು ಹೇಳಿದ್ದು ಅದಲ್ಲವಲ್ಲ.

ಬಸ್ಸು ಬರುವ ಹೊತ್ತಿಗೆ ನಿರ್ಧಾರವಾಗಿತ್ತು. ರಿಪೇರಿ ಕೇಳುವುದಿಲ್ಲ. ಬಿಚ್ಚಲು ಅಪ್ಪಣೆ ಕೇಳುತ್ತೇನೆ. ದೋಷವನ್ನು ನಾನು ಹೇಳುವುದಿಲ್ಲ, ಮಾಸ್ತರರ ಬಾಯಿಂದಲೇ ಹೇಳಿಸುತ್ತೇನೆ.

ಮಾರನೆಯ ದಿನ ಮೂಡಲಗಿಯಲ್ಲಿ ಅವ್ವಾರು ಅಂಗೈ ಮೇಲೆ ಯಾವಾಗ, ಎಲ್ಲಿ, ಹೆಂಗ ಎಂದು ಒಂದೊಂದೇ ಪದ ಬರೆದು ನನ್ನ ಪ್ರಶ್ನೆಗಳನ್ನು ಮುಟ್ಟಿಸಿದರು. ಮಾಸ್ತರರು ಪಾಠ ಹೇಳುವಂತೆ ಉತ್ತರಿಸಿದರು. ಬಲ ತುದಿಯಿಂದ ಶುರುವಾಯಿತು. ಬಿಸಿಲಿದ್ದ ದಿನ ಚುಕ್ಕಿಗಳು ಗಟ್ಟಿ, ಮಳೆ ಬಂದ ದಿನ ಮೆತ್ತಗೆ. ಸಾಲಿನಲ್ಲಿ ಅಕ್ಷರ ಕಡಿಮೆ ಇದ್ದರೆ ಓದಬಹುದು, ತುಂಬ ಇದ್ದರೆ ಎಲ್ಲವೂ ಸೋಲುತ್ತವೆ. ಬಲಗಡೆ ಒಂದು ಖಾನೆಯ ಹತ್ತಿರ ಬೆರಳಿಗೆ ಏನೋ ಜುಮ್ಮೆಂದಂತಾಗುತ್ತದೆ, ಅದು ತಮ್ಮ ಭ್ರಮೆಯೂ ಇರಬಹುದು. ನಾನು ಒಂದು ಮಾತನ್ನೂ ಬಿಡದೆ ಬರೆದುಕೊಂಡು ನನ್ನ ಮುರುಕು ಇಂಗ್ಲಿಷಿನಲ್ಲಿ ಅಂಗಡಿಗೆ ಕಳಿಸಿದೆ. ಕೊನೆಗೆ ಬರೆದೆ: ಈ ಯಂತ್ರವನ್ನು ನಿಮ್ಮಲ್ಲಿಗೆ ತರಲು ನಮಗೆ ಆಗದು. ನೀವು ಹೇಳಿದಂತೆ ನಾನು ಬಿಚ್ಚುತ್ತೇನೆ, ಹೇಳದ ಯಾವುದನ್ನೂ ಮುಟ್ಟುವುದಿಲ್ಲ. ಸೀಲು ಹರಿಯಲು ಅನುಮತಿ ಕೊಡುತ್ತೀರಾ?

ಈ ಸಲ ಉತ್ತರ ಬರೆದದ್ದು ಮೊದಲಿನ ಗುಮಾಸ್ತರಲ್ಲ, ಅಂಗಡಿಯ ರಿಪೇರಿ ವಿಭಾಗದ ಒಬ್ಬರು. 'ಮೆತ್ತಗೆ' ಎಂಬ ಪದ ಓದಿದ ಕೂಡಲೇ ತಮಗೆ ತಿಳಿಯಿತು ಎಂದು ಅವರು ಬರೆದಿದ್ದರು. ಒಂದು ಖಾನೆ ಒಳಗೊಳಗೇ ವಿದ್ಯುತ್ತನ್ನು ಸೋರಿಸುತ್ತಿದೆ, ತೇವದ ಹವೆಗೆ ಸೋರಿಕೆ ಹೆಚ್ಚಾಗುತ್ತದೆ, ಹಾಗಾಗಿ ಉಳಿದ ಖಾನೆಗಳಿಗೆ ಬಲ ಸಾಲುತ್ತಿಲ್ಲ. ಖಾನೆಗಳನ್ನು ಒಂದೊಂದಾಗಿ ಹೊರಗೆಳೆದು ಪರೀಕ್ಷಿಸಬೇಕು. ಕೆಟ್ಟದ್ದು ಹೊರಬಂದಾಗ ಉಳಿದವೆಲ್ಲ ತಾವಾಗಿ ಗಟ್ಟಿಯಾಗುತ್ತವೆ. ಎರಡು ಹೊಸ ಖಾನೆಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಸೀಲು ಹರಿಯಿರಿ. ಕೊನೆಯ ಸಾಲಿನಲ್ಲಿ ಹೀಗಿತ್ತು: ನಿಮ್ಮ ಮಾಸ್ತರರು ಹೇಳಿದ ಜುಮ್ಮೆನ್ನುವಿಕೆ ಭ್ರಮೆಯಲ್ಲ ಎಂದು ಅವರಿಗೆ ತಿಳಿಸಿ. ನಾನೂ ಕುರುಡ, ಹುಟ್ಟಿನಿಂದಲೇ. ನಿಮ್ಮ ಕಾಗದವನ್ನು ಇದೇ ಥರದ ಯಂತ್ರದ ಮೇಲೆ ಬೆರಳಿನಿಂದಲೇ ಓದಿದೆ.

ಮೂಡಲಗಿಯ ಪಡಸಾಲೆಯಲ್ಲಿ ಒಬ್ಬರ ಬೆರಳ ತುದಿಗೆ ತಿಳಿದದ್ದು, ನಡುವೆ ನನ್ನ ಕೈ ದಾಟಿ, ಸಮುದ್ರದ ಆಚೆ ಇನ್ನೊಬ್ಬರ ಬೆರಳ ತುದಿಗೆ ಹೋಗಿ ತಲುಪಿತ್ತು.

ಅಂಚೆಯಲ್ಲಿ ಬಂದದ್ದು ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಡಬ್ಬಿ. ಸಣ್ಣ ಬಿಡಿಭಾಗವೆಂದು ದಾರಿಯಲ್ಲಿ ಯಾರೂ ತಡೆದಿರಲಿಲ್ಲ. ಹತ್ತಿಯಲ್ಲಿ ಸುತ್ತಿದ ಎರಡು ಖಾನೆಗಳು. ಅವುಗಳ ಅಡಿಯಲ್ಲಿ ಇನ್ನೊಂದು ವಸ್ತು ಇತ್ತು. ಬೆಳ್ಳಿಯ ಬಣ್ಣದ ಒಂದು ಹೊಸ ಸೀಲು. ಕೆಲಸ ಮುಗಿದ ಮೇಲೆ ಇದನ್ನು ಅಂಟಿಸಿ, ಉಳಿದ ಅವಧಿಗೆ ವಾರಂಟಿ ಹಾಗೆಯೇ ನಡೆಯುತ್ತದೆ ಎಂದು ಚೀಟಿಯಲ್ಲಿ ಬರೆದಿತ್ತು. ನನ್ನ ಮುಖ ನೋಡಿಲ್ಲ, ನನ್ನ ಕೈ ಹೇಗೆಂದು ಗೊತ್ತಿಲ್ಲ, ಆದರೂ ತಮ್ಮ ಅಂಗಡಿಯ ಸೀಲನ್ನೇ ನನ್ನ ಕೈಗೆ ಕೊಟ್ಟಿದ್ದರು.

ಮೂಡಲಗಿಯಲ್ಲಿ ಕಿಟಕಿಯ ಬೆಳಕಿಗೆ ಮೇಜು ಎಳೆದು, ಮೇಲೊಂದು ಬಿಳಿ ಧೋತರ ಹಾಸಿ ಕೆಲಸಕ್ಕೆ ಕೂತೆ. ಹುಕ್ಕೇರಿಯ ಕಾಕಾ ಕೊಟ್ಟ ಸ್ಕ್ರೂಡ್ರೈವರ್ ಸೀಲಿನೊಳಗೆ ಇಳಿದಾಗ ಚರ್‍ರೆಂದು ಸದ್ದಾಯಿತು. ಮುಚ್ಚಳ ತೆಗೆದೆ. ಒಳಗೆ ಒಂದೊಂದು ಚುಕ್ಕಿಯ ಕೆಳಗೂ ಬೆಂಕಿಕಡ್ಡಿಯಷ್ಟು ಉದ್ದದ ತೆಳ್ಳನೆಯ ಪಟ್ಟಿ. ವಿದ್ಯುತ್ತು ಹರಿದರೆ ಆ ಪಟ್ಟಿ ಕೂದಲೆಳೆಯಷ್ಟು ಬಾಗುತ್ತದೆ, ಬಾಗಿ ಚುಕ್ಕಿಯನ್ನು ಮೇಲೆ ನೂಕುತ್ತದೆ. ಅಷ್ಟೇ. ಅಷ್ಟರ ಮೇಲೆ ಒಂದು ಭಾಷೆ ಇಡೀ ನಿಂತಿತ್ತು.

ಸ್ವಿಚ್ ಆರಿಸುವುದು, ವಿದ್ಯುತ್ತು ಪೂರ್ತಿ ಇಳಿಯಲು ಕಾಯುವುದು, ಬಲ ತುದಿಯಿಂದ ಒಂದು ಖಾನೆ ಎಳೆಯುವುದು, ಮುಚ್ಚಳ ಇಟ್ಟು ಸ್ವಿಚ್ ಹಾಕುವುದು. ಅವ್ವಾರು ಮಾಸ್ತರರ ಕೈ ಹಿಡಿದು ಸಾಲಿನ ಮೇಲೆ ಇಡುವರು. "ಮೆತ್ತಗ ಐತಿ." ಆ ಖಾನೆ ತಿರುಗಿ ಹಾಕಿ ಮುಂದಿನದು. "ಮೆತ್ತಗ." ಮತ್ತೊಂದು. "ಮೆತ್ತಗನ ಐತಿ." ನಡುವೆ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಅದೇ. ಒಂದು ಖಾನೆ ಕಚ್ಚಿಕೊಂಡು ಕೂತಿತ್ತು, ಬರಲೊಲ್ಲದು. ಜೋರು ಮಾಡಬಾರದೆಂದು ಕಾಗದದಲ್ಲಿ ಎರಡು ಸಲ ಬರೆದಿದ್ದರು. ಉಗುರಿನಿಂದ ಅತ್ತಿತ್ತ ಅಲುಗಿಸಿ ನಿಧಾನವಾಗಿ ಬಿಡಿಸಿದೆ. ಅದರ ತಳದಲ್ಲಿ ಹಸಿರು ಕಿಲುಬು ಕಾಣಿಸಿತು. ಮುಚ್ಚಳ ಇಟ್ಟು ಸ್ವಿಚ್ ಹಾಕಿದೆ.

ಸದ್ದೇ ಬೇರೆ ಇತ್ತು. ಹಿಡಿಯಷ್ಟು ಜೋಳವನ್ನು ತಗಡಿನ ಮೇಲೆ ಚೆಲ್ಲಿದಂತೆ.

ಮಾಸ್ತರರ ಕೈ ಸಾಲಿನ ಮೇಲೆ ಇಳಿಯಿತು, ನಿಂತಿತು. ಅವರು ಇನ್ನೊಂದು ಕೈಯನ್ನೂ ತಂದು ಎರಡೂ ಅಂಗೈಗಳನ್ನು ಉದ್ದಕ್ಕೂ ಚಾಚಿ ಇಟ್ಟರು.

"ಗಟ್ಟಿ ಅದಾವ," ಎಂದರು ಕೊನೆಗೆ. "ಎಲ್ಲಾ ಗಟ್ಟಿ ಅದಾವ."

ಖಾಲಿ ಜಾಗದಲ್ಲಿ ಹೊಸ ಖಾನೆ ಕೂರಿಸಿ, ಮತ್ತೆ ಪರೀಕ್ಷಿಸಿ, ಸ್ಕ್ರೂ ಬಿಗಿದು, ಹೊಸ ಸೀಲನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದೆ. ಕಂಪ್ಯೂಟರಿಗೆ ಜೋಡಿಸಿ ಅವ್ವಾರಿಗೆ ಕೀಬೋರ್ಡ್ ಬಿಟ್ಟುಕೊಟ್ಟೆ. "ಏನರೆ ಬರೀರಿ," ಎಂದೆ. ಹೆಸರೋ, ದೇವರ ನಾಮವೋ ಬರೆಯುತ್ತಾರೆಂದುಕೊಂಡಿದ್ದೆ.

ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಎರಡು ಬೆರಳಿನಿಂದ ಅಕ್ಷರ ಹುಡುಕುತ್ತಾ ಬರೆದರು. ನಾನು ಪರದೆಯ ಮೇಲೆ ಓದಿದೆ: 'ಅಂಕಲಗಿ ಅಕ್ಕ ಹೋದ ದಿನದ ಸುದ್ದಿ ಪೂರ್ತಿ ಹೇಳತೇನಿ.'

ಯಂತ್ರ ಕೆಟ್ಟು ಕೂತಿದ್ದ ಆ ವಾರಗಳಲ್ಲೇ ಅವ್ವಾರ ಅಕ್ಕ ತೀರಿಕೊಂಡಿದ್ದರಂತೆ. ಮಾಸ್ತರರ ಅಂಗೈ ಮೇಲೆ ಇವರು ಬರೆಯಲು ಸಾಧ್ಯವಾದದ್ದು 'ಅಕ್ಕ ಹೋದಳು' ಎಂದಷ್ಟೇ. ಹೇಗೆ, ಯಾವಾಗ, ಯಾರಿದ್ದರು, ಏನೂ ಹೇಳಲಾಗಿರಲಿಲ್ಲ. ಇವರು ಅಕ್ಕನ ಮಣ್ಣಿಗೆ ಹೋಗಿಬಂದದ್ದು ಮಾಸ್ತರರಿಗೆ ಗೊತ್ತಿತ್ತು, ಕೇಳಿದರೂ ಅಷ್ಟು ದೊಡ್ಡ ಸುದ್ದಿಯನ್ನು ಅಂಗೈ ಮೇಲೆ ಬರೆದು ಹೇಳುವ ದಾರಿ ಇರಲಿಲ್ಲ.

ಮಾಸ್ತರರ ಬೆರಳು ಸಾಲಿನ ಕೊನೆ ಮುಟ್ಟಿತು. "ಹೇಳು," ಎಂದರು.

ಆಕೆ ಬರೆಯತೊಡಗಿದರು. ಕಣ್ಣೀರು ಗದ್ದಕ್ಕೆ ಇಳಿದರೂ ಒರೆಸಿಕೊಳ್ಳಲಿಲ್ಲ, ಕೈಗೆ ಬಿಡುವಿರಲಿಲ್ಲ. ಒಂದು ಸಾಲು ತುಂಬುವುದು, ಅವರು ಓದುವುದು, ಚುಕ್ಕಿಗಳು ಬಿದ್ದು ಹೊಸದಾಗಿ ಏಳುವುದು. ನಾನು ಹತಾರಗಳನ್ನು ಚೀಲಕ್ಕೆ ಹಾಕುತ್ತಿದ್ದವಳು ಮರೆತು ನಿಂತಿದ್ದೆ. ಕೂದಲೆಳೆಯಷ್ಟು ಬಾಗುವ ಆ ಪಟ್ಟಿಗಳ ಮೇಲೆ ಒಬ್ಬ ಹೆಂಗಸಿನ ಕೊನೆಯ ಮಧ್ಯಾಹ್ನ ಪೂರ್ತಿ ಹಾದುಹೋಗುತ್ತಿತ್ತು.

"ಕಡೀಕ ಏನರೆ ಅಂದ್ಳಾ?" ಎಂದು ಮಾಸ್ತರರು ಕೇಳಿದರು.

ಅವ್ವಾರು ಬರೆದರು. ಚುಕ್ಕಿಗಳು ಎದ್ದವು. ಆ ಸಾಲನ್ನು ನಾನು ಪರದೆಯ ಮೇಲೆ ಓದಲಿಲ್ಲ. ಮಾಸ್ತರರ ಬೆರಳು ನಿಧಾನವಾಗಿ ಅದರ ಕೊನೆಯವರೆಗೆ ಹೋಯಿತು, ಮತ್ತೆ ಎಡ ತುದಿಗೆ ಬಂದು ಮೊದಲಿನಿಂದ ಓದತೊಡಗಿತು.